ನಾಟಿ ಕೈಗೆ ಹೈಬ್ರಿಡ್ ಕೋಲು

ಚಾಮುಂಡಿ ಬೆಟ್ಟದ ಬುಡದ ಗಾಲ್ಫ್ ಮೈದಾನದಲ್ಲಿ ನನ್ನ ಚೆಂಡು ಮತ್ತೆ ನೀರಿನ ಹೊಂಡಕ್ಕೆ ಬಿತ್ತು. ಮಣಿಕಟ್ಟು ಮುರಿದು ಕೂಡಿದ ಮೇಲೆ, ಉದ್ದನೆಯ ಕಬ್ಬಿಣದ ಕೋಲಿನಿಂದ, ಅಂದರೆ ಲಾಂಗ್ ಐರನ್ನಿನಿಂದ, ಚೆಂಡನ್ನು ಮೇಲೆತ್ತಲು ಆಗುತ್ತಲೇ ಇರಲಿಲ್ಲ. ಇನ್ನು ಆಟ ಸಾಕು ಎಂದುಬಿಟ್ಟೆ.

ಜೊತೆಗೆ ಆಡುತ್ತಿದ್ದ ಶಿವಣ್ಣನವರು ಆಗಷ್ಟೇ ಪೇಟೆಗೆ ಬಂದಿದ್ದ, ದಪ್ಪ ತಲೆಯ ಕೋಲೊಂದನ್ನು ನನ್ನ ಕೈಗಿಟ್ಟರು. ಅದರ ಹೆಸರು ಹೈಬ್ರಿಡ್ ಅಂತೆ; ಕಬ್ಬಿಣದ ಕೋಲು, ಮರದ ಕೋಲು ಎರಡರ ಬೆರಕೆ, ಚೆಂಡನ್ನು ಸಲೀಸಾಗಿ ಮೇಲೆತ್ತುತ್ತದಂತೆ.

“ನಮ್ಮನೇಲಿ ಟೊಮ್ಯಾಟೊನೂ ನಾಟೀನೇ ಕಣ್ರೀ. ಹೈಬ್ರಿಡ್ ಮುಟ್ಟಲ್ಲ” ಎಂದೆ.

“ಇದ್ರಲ್ಲೇನು ಸಾರು ಮಾಡ್ತೀರಾ ಸ್ವಾಮಿ? ಜಂಬ ಬುಟ್ಟು ಬೀಸಿ!”

ಹಲ್ಲು ಕಚ್ಚಿ ಬೀಸಿದೆ. ಚೆಂಡು ಮೇಲೆದ್ದು, ಹೊಂಡ ದಾಟಿ, ಆಚೆಯ ಹುಲ್ಲಿನ ಮೇಲೆ ಮೆತ್ತಗೆ ಕುಳಿತಿತು.

ಆ ವಾರವೇ ಲಾಂಗ್ ಐರನ್‌ಗಳನ್ನು ಅಟ್ಟಕ್ಕೆ ಹಾಕಿ ಹೈಬ್ರಿಡ್ ಕೊಂಡೆ. ಚಳಿಗೆ ಕೈ ಈಗಲೂ ನೋಯುತ್ತದೆ. ಆಟ ಬಿಡುವ ಮಾತನ್ನು ಮಾತ್ರ ಅಂದಿನಿಂದ ಎತ್ತಿಲ್ಲ.