ಕಡಿದ ಗೆರೆಯನ್ನು ಸೇರಿಸಿದವರು

ಬಟ್ಟೆಗೆ ಬಣ್ಣ ಹಾಕುವ ಆ ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ‘ಗೆರೆಯಕ್ಕ’ ಎನ್ನುತ್ತಾರೆ. ಬಾಯ್ಲರಿನ ಒತ್ತಡವನ್ನು ಕ್ಷಣಕ್ಷಣವೂ ಪರದೆಯ ಮೇಲೆ ಗೆರೆಯಾಗಿ ಓಡಿಸುವ ಪ್ರೋಗ್ರಾಂ ಆಕೆಯದು. ಅದನ್ನು ವಿವರಿಸುವಾಗಲೂ ಆಕೆಯ ದನಿ ಗಡುಸಾಗಿಯೇ ಇತ್ತು.

“ನಾನು ಬಳಸೋ ಸಿದ್ಧ ಕೋಡಿನ ಲೈಬ್ರರಿಯಲ್ಲಿ ಹಳೇ ಚಿತ್ರನ ತಿದ್ದೋ ಮಾತೇ ಇಲ್ಲ. ಅಳತೆಗಳನ್ನ ಫಂಕ್ಷನ್‌ಗೆ ಅಂದ್ರೆ ಚಿತ್ರ ಬಿಡಿಸೋ ಕೋಡಿನ ತುಂಡಿಗೆ ಕೊಟ್ರೆ ಚಿತ್ರ ಬರುತ್ತೆ. ಹೊಸ ಅಳತೆ ಬಂತೋ, ಇಡೀ ಚಿತ್ರ ಹೊಸದಾಗಿ ಹುಟ್ಟುತ್ತೆ. ಸುಳ್ಳು ಹೇಳಿಸಬೇಕಂದ್ರೆ ಫಂಕ್ಷನ್ನಿನ ಹೊಟ್ಟೆಯೊಳಗೇ ಕೈ ಹಾಕ್ಬೇಕು.”

ಒತ್ತಡ ಅಳೆಯುವ ಸೆನ್ಸರ್ ಸುಮ್ಮನಾದರೆ ಆಕೆಯ ಗೆರೆ ಅಲ್ಲಿಗೇ ಕಡಿಯುತ್ತಿತ್ತು. ಮ್ಯಾನೇಜರಿಗೆ ಅದು ಕಣ್ಣುಕಿಸುರು. ಗಿರಾಕಿಗಳ ಮುಂದೆ ಮಾನ ಹೋಗುತ್ತದೆಂಬ ಅಳಲು. ಸೇರಿಸಿಬಿಡು ಎಂದರು. ಆಕೆ ಒಪ್ಪಲಿಲ್ಲ. ಆಕೆ ರಜೆಯಲ್ಲಿದ್ದಾಗ ಬೇರೊಬ್ಬರಿಂದ ಪ್ರೋಗ್ರಾಮಿನೊಳಗೆ ಒಂದು ಸಾಲು ಬರೆಸಿದರು: ಹೊಸ ಅಳತೆ ಬಾರದಿದ್ದರೆ ಹಿಂದಿನದನ್ನೇ ಮತ್ತೆ ಬಳಸು. ಗೆರೆ ಅಚ್ಚುಕಟ್ಟಾಗಿ ಓಡತೊಡಗಿತು.

ಆ ವಾರವೇ ಸೆನ್ಸರಿನ ತಂತಿ ಕಳಚಿತು. ಬಾಯ್ಲರ್ ನೋಡಿಕೊಳ್ಳುತ್ತಿದ್ದವರು ಆಕೆಯ ಸ್ವಂತ ಚಿಕ್ಕಪ್ಪ. ಒಳಗೆ ಒತ್ತಡ ಏರುತ್ತಿದ್ದರೂ ಪರದೆಯಲ್ಲಿ ಗೆರೆ ಸಮವಾಗಿ ಸಾಗುತ್ತಿತ್ತು. ಉರಿ ತಗ್ಗಿಸಬೇಕಾದ ಹೊತ್ತು ಮೀರಿತು. ಕೊಳವೆಯ ಸಂದಿನಿಂದ ನುಗ್ಗಿದ ಹಬೆ ಅವರ ಬಲಗೈಯನ್ನು ಬೇಯಿಸಿತು. ಆತ ತೂಕಡಿಸುತ್ತಿದ್ದನೆಂದು ಮ್ಯಾನೇಜರು ಆರೋಪ ಹೊರಿಸಿದರು. ಕೆಲಸವೇ ಹೋಗುವಂತಿತ್ತು.

ಆಸ್ಪತ್ರೆಯ ಮಂಚದಲ್ಲಿ ಚಿಕ್ಕಪ್ಪ ಹೇಳಿದ್ದು ಇಷ್ಟೇ: “ಬಾಯ್ಲರ್ ಮೇಲಿರೋ ಮುಳ್ಳಿನ ಗೇಜಿನ ಕಡೆ ತಲೆಯೂ ಎತ್ತಲಿಲ್ಲ ಕಣಮ್ಮ. ಮಗಳು ಬರೆದ ಗೆರೆ ಅಲ್ವಾ ಅಂತ.”

ಪ್ರೋಗ್ರಾಂ ತೆರೆದು ಆ ಹೊಸ ಸಾಲನ್ನು ಕಂಡವಳೇ ಆಕೆ ನೇರವಾಗಿ ಮ್ಯಾನೇಜರ ಕೋಣೆಗೆ ನುಗ್ಗಿದಳು.

“ಸತ್ತ ಸೆನ್ಸರಿಗೆ ಸಿಂಗಾರ ಮಾಡಿ ಕೂರಿಸಿದ್ದು ನೀವು ಸಾರ್. ತೂಕಡಿಸಿದ್ದು ಅವರಾ?”

“ಒಂದು ಸಾಲಿಗೆ ಇಷ್ಟು ರಂಪ ಯಾಕಮ್ಮ? ಮನೆಯವರು ಅಂತ ಉರೀತಿದೀಯ.”

“ಉರೀತಿದೀನಿ. ಬೆಂದಿದ್ದು ನಮ್ಮ ಚಿಕ್ಕಪ್ಪನ ಕೈ, ನಿಮ್ಮ ಟೈ ಅಲ್ಲ. ಆ ಸಾಲು ತೆಗೆಸಿ. ತಪ್ಪು ನಿಮ್ಮದು ಅಂತ ಹೇಳಿ.”

“ನಾಳೆ ಗಿರಾಕಿಗಳು ಬಂದು ಹೋಗಲಿ, ಆಮೇಲೆ ನೋಡೋಣ.”

ಆಕೆ ಬಾಯ್ಲರ್ ಕೋಣೆಗೆ ಹೋಗಿ ಪರದೆಯ ತಂತಿಯನ್ನೇ ಕಿತ್ತಳು. ಪಾಳಿಯಲ್ಲಿದ್ದವನಿಗೆ, “ಅಣ್ಣಾ, ಗೇಜಿನ ಮುಳ್ಳಿನಿಂದ ಕಣ್ಣು ಕೀಳಬೇಡ,” ಎಂದಳು.

ಮರುದಿನ ಗಿರಾಕಿಯೊಬ್ಬರು ಕಪ್ಪು ಪರದೆಯತ್ತ ಬೆರಳು ತೋರಿಸಿ ಏನಾಯಿತೆಂದು ಕೇಳಿದರು. ಮ್ಯಾನೇಜರು ಬಾಯಿ ತೆರೆಯುವ ಮೊದಲೇ ಆಕೆ ಉತ್ತರಿಸಿದಳು: “ಇದಕ್ಕೆ ಸುಳ್ಳು ಹೇಳೋದು ಕಲಿಸಿದ್ರು. ನಂಬಿದವರ ಕೈ ಸುಟ್ಟಿದೆ. ಕಲಿಸಿದವರು ನಿಮ್ಮ ಪಕ್ಕದಲ್ಲೇ ಇದ್ದಾರೆ, ಕೇಳಿ.”

ಆ ಸಂಜೆಯೇ ಸಾಲೂ ಹೋಯಿತು, ಆರೋಪವೂ ಹೋಯಿತು. ಕ್ಷಮೆ ಮಾತ್ರ ಬರಲಿಲ್ಲ. ಚಿಕ್ಕಪ್ಪನ ಬೆರಳುಗಳು ಇನ್ನೂ ಪೂರ್ತಿ ಮಡಚುವುದಿಲ್ಲ. ಮ್ಯಾನೇಜರು ಎದುರಾದರೆ ಆಕೆ ಇಂದಿಗೂ ದಾರಿ ಬಿಡುವುದಿಲ್ಲ.