ಉಪ್ಪುನೀರಿನ ಉಸಿರು

ನಗುವವರು ನಗಲಿ. ನೇಕಾರರ ಬಡಾವಣೆಯಾದ ವಡಗಾವಿಯ ಆ ಶೆಡ್ಡಿನಲ್ಲಿ ಆ ರಾತ್ರಿ ಇದ್ದವನು ನಾನು, ಕಂಡದ್ದನ್ನಷ್ಟೇ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಕೊನೆ. ನಾನು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ. ಎದೆಯ ಸುತ್ತ ಲೋಹದ ಬಿಲ್ಲೆಗಳನ್ನಂಟಿಸಿ, ಮೈಗೆ ಅರಿವಾಗದಷ್ಟು ಸಣ್ಣ ವಿದ್ಯುತ್ ಹರಿಸಿ, ಒಳಗೆ ಅದಕ್ಕೆ ಎದುರಾಗುವ ತಡೆಯಿಂದ ಶ್ವಾಸಕೋಶದ ಚಿತ್ರ ಮೂಡಿಸುವ ಸರ್ಕಿಟ್ಟನ್ನು ನಮ್ಮ ಕಾಲೇಜಿನ ಸರ್ ಆ ಶೆಡ್ಡಿನಲ್ಲಿ ಕಟ್ಟುತ್ತಿದ್ದರು. ಉಸಿರೆಳೆದರೆ ಮೀಟರಿನ ಮುಳ್ಳು ಏರಬೇಕು, ಬಿಟ್ಟರೆ ಇಳಿಯಬೇಕು. ಪರೀಕ್ಷೆಗೆ ಮನುಷ್ಯನ ಬದಲು ಉಪ್ಪುನೀರಿನ ಬೋಗುಣಿ. ಹಗಲೆಲ್ಲ ಸುತ್ತಲಿನ ಪವರ್‌ಲೂಮುಗಳ ವಿದ್ಯುತ್ ಅಡಚಣೆ ನಮ್ಮ ತಂತಿಗಳೊಳಗೂ ನುಗ್ಗುತ್ತಿತ್ತು. ಹಾಗಾಗಿ ರಾತ್ರಿ ಮಗ್ಗಗಳು ನಿಂತ ಮೇಲೆಯೇ ಅಳತೆ.

ಉಪಕರಣ ಕಳುವಾಗಬಾರದೆಂದು ಸರ್ ಹೊರಗಿನಿಂದ ಬೀಗ ಹಾಕಿ ಹೋಗುತ್ತಿದ್ದರು. ಒಳಗೆ ವಿದ್ಯಾರ್ಥಿ ಇದ್ದರೂ ಸರಿಯೇ. ನಾನೂ ಸುಮ್ಮನಿದ್ದೆ, ಅಂಕಗಳು ಅವರ ಕೈಯಲ್ಲಿದ್ದವು.

ಆ ರಾತ್ರಿ ಕೊನೆಯ ಮಗ್ಗ ನಿಂತಿತು... ಮುಳ್ಳು ಏರಿತು. ಇಳಿಯಿತು. ಮತ್ತೆ ಏರಿತು.

ಬೋಗುಣಿಯ ನೀರು ಅಲುಗಿರಲಿಲ್ಲ. ತಂತಿ ಕಿತ್ತೆ. ಸ್ವಿಚ್ ಆರಿಸಿದೆ. ಮುಳ್ಳು ನಿಲ್ಲಲಿಲ್ಲ. ಏರಿಳಿತ ಚುರುಕಾಯಿತು, ಗಾಳಿಗಾಗಿ ಒದ್ದಾಡುವ ಎದೆಯ ಹಾಗೆ... ಎಲ್ಲಿಂದಲೋ ಸುಟ್ಟ ತಂತಿಯ ವಾಸನೆ.

ಬಾಗಿಲು ಬಡಿದೆ. ಹೊರಗೆ ಕಾವಲುಗಾರ ಯಲ್ಲಪ್ಪ ಕೆಮ್ಮಿದರು.

"ಕಾಕಾ, ಬಾಗ್ಲಾ ತಗೀರಿ. ಒಳಗ ಯಾರೋ ಉಸರಾಡಾಕತ್ತಾರ."

"ಕೀಲಿ ಸರ್ ಕಡೆ ಐತಿ ತಮ್ಮಾ. ಅವ್ರು ಖಾನಾಪುರಕ್ಕ ಮನಿಗೆ ಹೋಗ್ಯಾರ. ಮುಂಜಾನಿ ಬರ್ತಾರ."

"ಸುಟ್ಟ ವಾಸ್ನಿ ಬರಾಕತ್ತೇತ್ರಿ."

ಯಲ್ಲಪ್ಪ ಬಾಗಿಲಿಗೆ ಬಾಯಿಟ್ಟು ಪಿಸುಗುಟ್ಟಿದರು. "ಗುಂಜಿ ಊರಿನ ಹುಡುಗನೂ ಇದ ಶೆಡ್ಡಿನ್ಯಾಗ ಹಿಂಗ ಅಂದಿದ್ದ, ಹ್ವಾದ ವರ್ಷ. ಅಂವನೂ ನಿನ್ನಂಗ ಕಲಿಯಾಂವ. ಟ್ರಾನ್ಸ್‌ಫಾರ್ಮರ್ ಸುಟ್ಟು ಹೊಗಿ ತುಂಬಿತ್ತು. ಕೀಲಿ ಬರೂದ್ರಾಗ ಅಂವ ಹೋಗಿಬಿಟ್ಟಿದ್ದ."

"ನೀವ್ಯಾಕ ಒಡೀಲಿಲ್ಲ?"

"ನೌಕರಿ ಹೊಕ್ಕೈತಿ ಅಂತ ಅಂಜಿದ್ನಿ, ತಮ್ಮಾ."

ಬೀಗದ ಮೇಲೆ ಕಲ್ಲಿನ ಏಟು. ಒಂದು... ಎರಡು... ಬಾಗಿಲು ತೆರೆಯಿತು. ತಿರುಗಿ ನೋಡಿದೆ. ಮುಳ್ಳು ಒಮ್ಮೆ ನಿಧಾನವಾಗಿ ಮೇಲೇರಿ, ಇಳಿದು, ಸೊನ್ನೆಯಲ್ಲಿ ನಿಂತಿತು.

ಬೆಳಿಗ್ಗೆ ಬಂದ ಸರ್ ಮೊದಲು ಉಪಕರಣಗಳನ್ನು ಎಣಿಸಿದರು. ಗುಂಜಿಯ ಹುಡುಗನ ವಿಷಯ ಕೇಳಿದೆ.

"ಸರ್ಕಿಟ್ಟಂದ್ರ ಅಡಚಣಿ ಇರೂದ. ಅದನ್ನೆಲ್ಲಾ ಬರಕೋಬ್ಯಾಡ," ಎಂದರು.

ಬರೆದುಕೊಂಡೆ. ಆ ಸಾವಿನ ಬಗ್ಗೆ ಕಾಲೇಜಿಗೆ ಎರಡು ದೂರಿನ ಅರ್ಜಿ ಕೊಟ್ಟೆ, ಉತ್ತರ ಬರಲಿಲ್ಲ. ಯಲ್ಲಪ್ಪನವರ ನೌಕರಿ ಮಾತ್ರ ಹೋಯಿತು.

ವಿದ್ಯುತ್ತಿಲ್ಲದ ಮೀಟರ್ ಹೇಗೆ ಆಡಿತೆಂದು ನನಗೆ ಇಂದಿಗೂ ಗೊತ್ತಿಲ್ಲ. ಬೀಗ ಹಾಕಿದವರು ಯಾರೆಂದು ಗೊತ್ತು. ಆ ಶೆಡ್ಡಿಗೆ ಈಗ ಹೊಸ ಬೀಗ ಬಂದಿದೆಯಂತೆ. ವಡಗಾವಿಯ ಮಗ್ಗಗಳು ನಿಲ್ಲುವ ಹೊತ್ತಿಗೆ ನನ್ನನ್ನೇ ಕೇಳಿಕೊಳ್ಳುತ್ತೇನೆ... ಈ ರಾತ್ರಿ ಒಳಗೆ ಯಾರಿದ್ದಾರೆ?