ಭಾಗ್ಯಮ್ಮನನ್ನು ಬೆಟ್ಟಕ್ಕೆ ಕರೆದೊಯ್ದ ಕೆಂಪು ಫಿಯಟ್

ಪೀಣ್ಯದಲ್ಲಿ ಸೈರನ್ ಕೂಗಿದ ಮೇಲೆ ಏಳುವವರು ಕೆಲವರು, ಕೂಗುವ ಮೊದಲೇ ಎದ್ದು ಕೂತು ಅದನ್ನು ಬೈಯುವವರು ಕೆಲವರು. ಹನುಮಯ್ಯ ಬೈಯುವವರ ಪೈಕಿ. ನೆಲಮಂಗಲದ ಕಡೆಯ ಹಳ್ಳಿಯಿಂದ ಬಂದು ಸಿದ್ದರಾಮಪ್ಪನವರ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿಂತವನು, ನಿಂತೇ ಇದ್ದ. ನಿಂತು ನಿಂತು ಮೊಣಕಾಲಿನ ಹಿಂದಿನ ನರಗಳು ಆಲದ ಬೇರಿನಂತೆ ಎದ್ದಿದ್ದವು. ಮನೆಗೆ ಬಂದರೆ ಮಾತಿಗೆ ಮೊದಲು ಕಾಲು ಚಾಚುತ್ತಿದ್ದ, ಉಣ್ಣುತ್ತಾ ಉಣ್ಣುತ್ತಾ ತೂಕಡಿಸುತ್ತಿದ್ದ.

“ಇವರು ನಿದ್ದೆಗೆ ಗಂಡ, ನನಗೆ ಬರೀ ನೆಂಟ,” ಎಂದು ಅವನ ಹೆಂಡತಿ ಭಾಗ್ಯಮ್ಮ ಅಕ್ಕಪಕ್ಕದವರಿಗೆ ಹೇಳಿ ನಗಿಸುತ್ತಿದ್ದಳು.

ಉಳಿದ ಭಾನುವಾರವನ್ನು ಒಂದು ಕಾರು ತಿನ್ನುತ್ತಿತ್ತು. ಸಿದ್ದರಾಮಪ್ಪನವರು ದಾವಣಗೆರೆಯ ಕಡೆಯವರು. ಪ್ರಾಯದಲ್ಲಿ ಒಂದು ಫಿಯಟ್ಟಿಗೆ ಎರಡು ಕಾರ್ಬುರೇಟರ್ ಕೂರಿಸಿ, ಕೆಂಪು ಬಣ್ಣ ಹೊಡೆಸಿ, ಶೋಲಾವರಂನಲ್ಲಿ ರೇಸು ಓಡಿಸಿದವರು. ಆಮೇಲೆ ಹೊಟ್ಟೆ ಬಂತು, ಬಿ.ಪಿ. ಬಂತು. ಕಾರು ಕಾರ್ಖಾನೆಯ ಹಿಂದೆ ಟಾರ್ಪಾಲಿನ ಕೆಳಗೆ ಮಲಗಿತು. ಅದಕ್ಕೆ ಜೀವ ಹೋಗದಂತೆ ನೋಡಿಕೊಳ್ಳುವುದು ಹನುಮಯ್ಯನ ಪಾಲಿಗೆ ಬಂತು. ಭಾಗ್ಯಮ್ಮ ವರ್ಷಗಟ್ಟಲೆ ಅದರ ವಾಸನೆಯನ್ನು ಗಂಡನ ಅಂಗಿಯಿಂದ ಒಗೆದು ತೆಗೆದಿದ್ದಳು, ಒಂದು ಸಲವೂ ಅದರೊಳಗೆ ಕೂತಿರಲಿಲ್ಲ.

ತೊಂಬತ್ತನಾಲ್ಕರ ಬೇಸಿಗೆಯಲ್ಲಿ ಸಿದ್ದರಾಮಪ್ಪನವರು ಆ ಕಾರನ್ನು ಕೊಯಮತ್ತೂರಿನವರೊಬ್ಬರಿಗೆ ಮಾರಿಬಿಟ್ಟರು. ಸೋಮವಾರ ಬಂದು ಓಡಿಸಿಕೊಂಡು ಹೋಗುತ್ತೇವೆ ಎಂದರು ಅವರು. ಆ ವಾರವೇ ಕಾರಿನ ಪೆಟ್ರೋಲ್ ಪಂಪು ಕೈಕೊಟ್ಟಿತು. ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಎಂಜಿನ್ನಿಗೆ ಉಣಿಸುವ, ಅಂಗೈಯಗಲದ ಪಂಪು. ಅದರ ಒಳಗಿನ ರಬ್ಬರು ವಯಸ್ಸಾಗಿ ಹರಿದಿತ್ತು.

“ಹೊಸಾದು ತರ್ಸೀನಿ, ಹಾಕಿಬಿಡಪಾ ಹನುಮಯ್ಯ. ಇದೊಂದು ಕೆಲಸ, ಮುಗೀತು ಋಣ,” ಎಂದರು ಸಿದ್ದರಾಮಪ್ಪ.

ಹನುಮಯ್ಯ ಯಾವತ್ತೂ ಏನನ್ನೂ ಕೇಳಿದವನಲ್ಲ. ಅಂದು ತಲೆ ಕೆರೆದುಕೊಂಡ. “ಸಾರ್, ಮನೆಯಾಕೆ ದೇವರಾಯನದುರ್ಗದ ನರಸಿಂಹಸ್ವಾಮೀನ ನೋಡ್ಬೇಕು ಅಂತ ಬಾಳ ದಿನದಿಂದ ಅಂತಾವ್ಳೆ. ಮಂಡಿ ನೋವು, ಬಸ್ಸಲ್ಲಿ ಆಗಾಕಿಲ್ಲ. ಭಾನುವಾರ ಗಾಡಿ ಟ್ರಯಲ್ ನೋಡೋದು ಹೆಂಗೂ ಐತೆ...”

“ಅದಕ್ಕ್ಯಾಕೆ ಇಷ್ಟು ನಾಚಿಕೀ? ಕರಕೊಂಡು ಹೋಗಿ ಬಾರಪ್ಪ. ಸಂಜೀಕೆ ಗಾಡಿ ಇಲ್ಲಿರಲಿ, ಅಷ್ಟೇ.”

ಸೋಮವಾರದಿಂದ ಆ ಕಾರು ಇರುವುದಿಲ್ಲ. ಭಾಗ್ಯಮ್ಮನ ಪಾಲಿಗೆ ಬೆಟ್ಟವೆಂದರೆ ಆ ಒಂದೇ ಭಾನುವಾರ. ಇದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಶನಿವಾರ ಪಂಪು ಬಿಚ್ಚುವಾಗ ಒಂದು ತಾಪತ್ರಯವಾಯಿತು. ಪಂಪಿಗೂ ಎಂಜಿನ್ನಿಗೂ ನಡುವೆ ಬಿಸಿ ತಾಗದಂತೆ ಬಿಸ್ಕತ್ತಿನಂಥ ಒಂದು ಫೈಬರ್ ಬಿಲ್ಲೆ ಇರುತ್ತದೆ. ಹಳೆಯದು ಎರಡು ಹೋಳಾಗಿ ಕೈಗೆ ಬಂತು. ಹೊಸ ಪಂಪಿನ ಡಬ್ಬಿಯಲ್ಲಿ ಅದು ಇರಲಿಲ್ಲ. ಆದರೆ ಪೀಣ್ಯದಲ್ಲಿ ಸಿಗದ ಸಾಮಾನಿಗಾಗಿ ಯಾರೂ ಅಳುವುದಿಲ್ಲ. ಪಕ್ಕದ ಶೆಡ್ಡಿಗೆ ಹೋಗುತ್ತಾರೆ.

ಪಕ್ಕದ ಶೆಡ್ಡಿನಲ್ಲಿ ಬಾಗಲಕೋಟೆ ಕಡೆಯ ಯಮನಪ್ಪನ ಮಷೀನುಗಳಿದ್ದವು. ಹೋಳುಗಳನ್ನು ಜೋಡಿಸಿ ನೋಡಿದ ಅವನು, “ಇದೇನ್ ದೊಡ್ಡ ಕೆಲಸ ಬಿಡೋ ಮಾರಾಯ. ಚಾ ಕುಡುದು ಬಾ, ಅಷ್ಟರಾಗ ಮಾಡಿ ಒಗೀತೀನಿ,” ಎಂದ.

ಇಲ್ಲೊಂದು ಪದ್ಧತಿ ಹೇಳಬೇಕು. ಪೀಣ್ಯದಲ್ಲಿ ಮಷೀನಿನವನು ಯಾವ ತುಂಡನ್ನೂ ಸರಿ ಅಳತೆಗೆ ಇಳಿಸುವುದಿಲ್ಲ, ಕೂದಲೆಳೆಯಷ್ಟು ಉಳಿಸುತ್ತಾನೆ. ಕಡಿಮೆಯಾದರೆ ಬೆಳೆಸಲಾಗದು, ಹೆಚ್ಚಾದರೆ ಫಿಟ್ಟರ್ ಅರ ಹಾಕಿ ಉಜ್ಜಿ ಕೂರಿಸಿಕೊಳ್ಳುತ್ತಾನೆ. ಯಾರೂ ಯಾರಿಗೂ ಹೇಳಿಕೊಡದೆ ನಡೆದುಬಂದ ಮರ್ಯಾದೆ ಅದು. ಯಮನಪ್ಪ ಧಾರಾಳಿ, ಗೆಳೆಯನ ಕೆಲಸ ಬೇರೆ. ಕೂದಲೆಳೆಯ ಬದಲು ಜುಟ್ಟನ್ನೇ ಉಳಿಸಿದ್ದ. ಅದನ್ನು ಉಜ್ಜಿ ಇಳಿಸಬೇಕಾದ ಹನುಮಯ್ಯನೋ, ಓವರ್‌ಟೈಮು ಮುಗಿಸಿ ಬಂದವನು, ಕಣ್ಣು ತಾನಾಗಿ ಮುಚ್ಚುತ್ತಿತ್ತು. ಬಿಲ್ಲೆ ಇಟ್ಟ, ಪಂಪು ಇಟ್ಟ, ನಟ್ಟು ಬಿಗಿದ. ಗಾಡಿ ಒಂದೇ ಕೀಲಿಗೆ ಗುರ್ರೆಂದಿತು. ಬೀದಿಯಲ್ಲಿ ಒಂದು ಸುತ್ತು ಓಡಿತು. ಅವನು ಹೋಗಿ ಮಲಗಿದ.

ಭಾನುವಾರ ಭಾಗ್ಯಮ್ಮ ಮಗಳ ಮದುವೆಗೆ ತೆಗೆದಿದ್ದ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು, ಮುಂದಿನ ಸೀಟಿನಲ್ಲಿ ಕೂತಳು. ತುಮಕೂರು ರಸ್ತೆಯಲ್ಲಿ ಕಾರು ಹಾರಿತು.

“ನಿಧಾನ! ದೇವರತ್ರ ಹೋಗಾದು, ದೇವರ ಪಾದಕ್ಕಲ್ಲ!”

“ರೇಸ್ ಗಾಡಿ ಕಣೆ ಇದು. ನಿಧಾನ ಅಂದ್ರೆ ಮುನಿಸ್ಕೊಂತದೆ.”

“ಗಾಡಿ ಮುನಿಸ್ಕೊಂಡ್ರೆ ಗೊತ್ತಾಗ್ತದೆ ನಿಮಗೆ. ಹೆಂಡ್ತಿ ಮುನಿಸ್ಕೊಂಡ್ರೆ ಗೊರಕೆ.”

ದಾಬಸ್‌ಪೇಟೆ ದಾಟಿ, ಬಲಕ್ಕೆ ತಿರುಗಿ, ಕಾಡಿನ ಏರು ಶುರುವಾಯಿತು. ಮೊದಲ ತಿರುವಿನಲ್ಲಿ ಎಂಜಿನ್ ಕೆಮ್ಮಿತು. ಎರಡನೆಯದರಲ್ಲಿ ನಿಂತಿತು. ಕೊಂಚ ಹೊತ್ತು ಬಿಟ್ಟರೆ ಹೊರಡುತ್ತಿತ್ತು, ನಾಲ್ಕು ಮಾರು ಹೋಗಿ ಮತ್ತೆ ಸಾಯುತ್ತಿತ್ತು.

“ಬಿಸಿಲಿಗೆ ಪಂಪು ಕಾದೈತೆ. ಒದ್ದೆ ಬಟ್ಟೆ ಸುತ್ತಿದ್ರೆ ಸರಿಹೋಗ್ತದೆ,” ಎಂದ ಹನುಮಯ್ಯ. ಬೇಸಿಗೆಯಲ್ಲಿ ಎಲ್ಲ ಫಿಯಟ್ಟಿನವರೂ ಮಾಡುವ ಉಪಚಾರವೇ ಅದು. ಭಾಗ್ಯಮ್ಮ ಬುತ್ತಿಯ ಬಟ್ಟೆಯನ್ನು ಕುಡಿಯುವ ನೀರಲ್ಲಿ ಅದ್ದಿ ಕೊಟ್ಟಳು. ಜ್ವರದ ಕೂಸಿಗೆ ಹಾಕುವ ಹಾಗೆ ಅವನು ಪಂಪಿಗೆ ಹಾಕಿದ. ಕಾರು ಮತ್ತೆ ನಾಲ್ಕೇ ಮಾರು ಹೋಯಿತು.

ಹನುಮಯ್ಯ ರಸ್ತೆಯ ಪಕ್ಕದ ಬಂಡೆಯ ಮೇಲೆ ಕುಳಿತುಬಿಟ್ಟ. ಕಾಲು ಸಿಡಿಯುತ್ತಿತ್ತು. ಸಮತಟ್ಟಿನಲ್ಲಿ ಓಡಿದ್ದು ಏರಿನಲ್ಲಿ ಏಕೆ ಸಾಯುತ್ತದೆ? ಏರಿಗೆ ಪೆಟ್ರೋಲ್ ಹೆಚ್ಚು ಬೇಕು. ಪಂಪು ಹೆಚ್ಚು ಕೊಡುತ್ತಿಲ್ಲ. ಎಂಜಿನ್ನಿನೊಳಗಿನ ಕಡ್ಡಿಯೊಂದು ಅದನ್ನು ಒತ್ತಿ ಒತ್ತಿ ಆಡಿಸಬೇಕು. ನಡುವಿನ ಬಿಲ್ಲೆ ದಪ್ಪವಾದರೆ ಕಡ್ಡಿ ಪೂರ್ತಿ ಮುಟ್ಟುವುದಿಲ್ಲ...

ಅವನು ಹಣೆ ಬಡಿದುಕೊಂಡ. “ಅರ ಹಾಕ್ಲಿಲ್ಲ ಕಣೆ. ಯಮನಪ್ಪ ಉಳಿಸಿ ಕೊಟ್ಟಿರ್ತಾನೆ, ಉಜ್ಜಬೇಕಾಗಿದ್ದು ನಾನು. ನಿದ್ದೆಗಣ್ಣಲ್ಲಿ ಅಂಗೇ ಬಿಗಿದ್ಬುಟ್ಟೆ.”

“ಈಗ ಉಜ್ಜಿ.”

“ಅರ ತಂದಿಲ್ಲ. ಬರೀ ಪಾನಾ ಐತೆ.”

ಭಾಗ್ಯಮ್ಮ ಅವನು ಕೂತಿದ್ದ ಬಂಡೆಯನ್ನು ನೋಡಿದಳು. ಅಂಗೈಯಿಂದ ಒಮ್ಮೆ ಸವರಿದಳು. “ಬಿಚ್ಚಿ ಕೊಡಿ ಇತ್ತ.”

ಅವನು ಬಿಚ್ಚಿದ. ಪೆಟ್ರೋಲ್ ಮೊಣಕೈವರೆಗೂ ಇಳಿಯಿತು. ಡಿಕ್ಕಿಯಲ್ಲಿ ಬಿದ್ದಿದ್ದ ಹಳೆಯ ಹೋಳನ್ನು ಹೊಸ ಬಿಲ್ಲೆಯ ಪಕ್ಕಕ್ಕಿಟ್ಟರೆ, ಅತ್ತೆಯ ಪಕ್ಕ ಸೊಸೆ ಕೂತ ಹಾಗೆ ಹೊಸದರ ದಪ್ಪ ಎದ್ದು ಕಂಡಿತು. ಭಾಗ್ಯಮ್ಮ ಸೆರಗು ಸಿಕ್ಕಿಸಿ, ಬಂಡೆಗೆ ನೀರು ಚಿಮುಕಿಸಿ, ಗಂಧ ತೇಯುವ ಹಾಗೆ ಬಿಲ್ಲೆಯನ್ನು ಸುತ್ತಾಗಿ ತೇಯತೊಡಗಿದಳು.

“ಒಂದೇ ಕಡೆ ಒತ್ತಬ್ಯಾಡ, ಓರೆ ಆಗ್ತದೆ.”

“ನನಗೇಳ್ಕೊಡ್ತೀರಾ ತೇಯಾದು? ಸುಮ್ಕೆ ಕೂತ್ಕಳಿ.”

ಅವನು ಕಾಲು ಚಾಚಿ ಕೂತ. ಅವಳು ತೇಯ್ದಳು, ಹೋಳಿನ ಪಕ್ಕಕ್ಕಿಟ್ಟು ಉಗುರಿನಿಂದ ಮುಟ್ಟಿ ನೋಡಿದಳು, ಮತ್ತೆ ತೇಯ್ದಳು. ಮೇಲೆ ಹೋಗುವ ಕಾರಿನವರು ಇಣುಕಿ ನೋಡಿ ಹೋದರು. ಕೆಲಸ ಮುಗಿದಾಗ ಅವಳ ಅಂಗೈ ಕಪ್ಪಾಗಿತ್ತು, ಒಳ್ಳೆಯ ಸೀರೆಯ ಮಡಿಲಿನಲ್ಲಿ ಕಂದು ಕಲೆಯಾಗಿತ್ತು.

ಪಂಪು ಮತ್ತೆ ಕೂತಿತು. ಕಾರು ಏರನ್ನು ಒಂದೇ ಉಸಿರಿಗೆ ಹತ್ತಿತು.

ಹತ್ತಿದರೇನು, ಗುಡಿಯ ಬಾಗಿಲು ಹಾಕಿತ್ತು. ಇನ್ನು ಸಂಜೆಗೇ ತೆಗೆಯುವುದು ಎಂದ ಹೂವಿನವಳು.

“ಸಂಜೆಗೆ ಗಾಡಿ ಅಲ್ಲಿರಬೇಕು ಅಂದವ್ರೆ,” ಎಂದ ಹನುಮಯ್ಯ, ದನಿಯಿಲ್ಲದ ದನಿಯಲ್ಲಿ.

“ಕೊಯಮತ್ತೂರಿನೋರು ಬರೋದು ನಾಳೆ ತಾನೇ? ನಾ ಬಾಗಿಲು ತೆಗೆಯೋಗಂಟ ಏಳಾಕಿಲ್ಲ.”

ಬುತ್ತಿ ಉಂಡರು. ಅವನು ಹಿಂದಿನ ಸೀಟಿನಲ್ಲಿ ಒರಗಿ ಕಾಲನ್ನು ಬಾಗಿಲಾಚೆ ಚಾಚಿದ. ಅವಳು ಏನೋ ಹೇಳುತ್ತಿದ್ದಂತೆಯೇ ಗೊರಕೆ ಬಂತು.

ಗಂಟೆ ಬಾರಿಸಿದಾಗ ಭಾಗ್ಯಮ್ಮ ಅವನ ಭುಜ ಅಲುಗಿಸಿದಳು. “ನೀನು ಹೋಗು... ನನ್ನದೂ ನೀನೇ ಕೇಳ್ಕೊ,” ಎಂದು ಮಗ್ಗುಲಾದ.

ಅವಳು ಮಂಡಿ ಹಿಡಿದುಕೊಂಡು ಒಬ್ಬಳೇ ಒಳಗೆ ಹೋದಳು. ದೀಪದ ಬೆಳಕಿನಲ್ಲಿ ಸ್ವಾಮಿಯ ಕಣ್ಣು ಕಂಡಿತು. ಇಷ್ಟು ದಿನ ಕೂಡಿಟ್ಟಿದ್ದ ಬೇಡಿಕೆಯೆಲ್ಲ ಆ ಗಳಿಗೆಯಲ್ಲಿ ಮರೆತುಹೋಯಿತು. “ನಾಳೆ ಒಂದಿನ ಇವರನ್ನ ಮಲಗಾಕೆ ಬಿಡಪ್ಪ ತಂದೆ,” ಎಂದಷ್ಟೇ ಕೇಳಿ ಹೊರಗೆ ಬಂದಳು.

ಅವನು ಹಾಗೆಯೇ ಬಿದ್ದಿದ್ದ. ಬಿಸಿಲು ಬಂಡೆಗಳ ಮೇಲೆ ಹಳದಿಯಾಗಿತ್ತು. ಈಗ ಎಬ್ಬಿಸಿದರೆ ಕತ್ತಲಾಗುವ ಮೊದಲು ಪೀಣ್ಯ ಮುಟ್ಟಬಹುದಿತ್ತು. ಭಾಗ್ಯಮ್ಮ ಮುಂದಿನ ಸೀಟಿನಲ್ಲಿ ಕೂತು, ಸದ್ದಾಗದಂತೆ ಬಾಗಿಲು ಎಳೆದುಕೊಂಡು, ಪ್ರಸಾದವನ್ನು ಮಡಿಲಲ್ಲಿಟ್ಟುಕೊಂಡಳು. ಕಾಯಲಿ ಸಿದ್ದರಾಮಪ್ಪನವರು. ಅವಳು ಅವನನ್ನು ಎಬ್ಬಿಸಲಿಲ್ಲ.